ಶನಿವಾರದ ಓದು ಮತ್ತು ಮೂಳೆ ಪೆಟ್ಟಿಗೆ

ಮೊದಲ ಸೆಮಿಸ್ಟರಿನ ಬಿಎಸ್ಸಿ ನರ್ಸಿಂಗ್ ಗೆಳೆಯರೇ, ಶನಿವಾರ ಮಧ್ಯಾಹ್ನ 2ಕ್ಕೆ ಹಾಸನದ ನಮ್ಮ ರೂಮಲ್ಲೇ ಸೇರೋಣ. ಅರಸೀಕೆರೆ, ಬೇಲೂರು ಕಡೆಯವರಿಗೆ ಸಂಜೆ ಬಸ್ಸು ತಪ್ಪದ ಹಾಗೆ ಮುಗಿಸುತ್ತೇವೆ.

ಈ ಸಲ ಕೈ ಮೂಳೆಗಳು ಮಾತ್ರ. ಮೈಯಲ್ಲಿರುವ 206 ಮೂಳೆಯ ಹೆಸರನ್ನೂ ಒಂದೇ ರಾತ್ರಿ ಉರು ಹೊಡೆದರೆ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಬಾಯಿ ಕಟ್ಟುತ್ತದೆ. ನನಗೆ ಆಗಿದೆ! ಹ್ಯೂಮರಸ್ (ತೋಳಿನ ಮೂಳೆ) ಕೈಗೆ ಕೊಟ್ಟು ‘ಎಡದ್ದಾ, ಬಲದ್ದಾ?’ ಅಂದರು, ಸುಮ್ನೆ ನಿಂತಿದ್ದೆ. ಗುಂಡಗಿನ ತಲೆ ಮೇಲೆ, ಮೈ ಕಡೆಗೆ ಇರಲಿ. ಕೆಳತುದಿಯ ಆಳದ ಗುಳಿ ಹಿಂದಕ್ಕೆ ಬರಲಿ. ಹಾಗೆ ಹಿಡಿದಾಗ ಯಾವ ತೋಳಿಗೆ ಹೊಂದುತ್ತದೋ ಆ ಕಡೆಯದು, ಅಷ್ಟೇ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಗಾಬರಿ ಬೇಡ. ಮುಂಗೈಯ ಎರಡು ಮೂಳೆಗಳಲ್ಲಿ ರೇಡಿಯಸ್ ಹೆಬ್ಬೆರಳಿನ ಕಡೆ, ಅಲ್ನಾ ಕಿರುಬೆರಳಿನ ಕಡೆ. ನಿಮ್ಮ ಮುಂಗೈಯನ್ನೇ ಮುಟ್ಟಿ ನೋಡಿಕೊಳ್ಳಿ, ಪುಸ್ತಕಕ್ಕಿಂತ ಬೇಗ ತಲೆಗೆ ಹತ್ತುತ್ತದೆ.

ಹಾಜರಿ ಮರೆಯಬೇಡಿ. ಪರೀಕ್ಷೆಗೆ ಕೂರಲು ಶೇ. 80 ಬೇಕು. ಕ್ಲಿನಿಕಲ್ ಪೋಸ್ಟಿಂಗ್ (ಆಸ್ಪತ್ರೆಯ ತರಬೇತಿ) ಹಾಜರಿ ಮಾತ್ರ ಡಿಗ್ರಿ ಕೈಗೆ ಬರುವಷ್ಟರಲ್ಲಿ ಪೂರ್ತಿ 100 ಆಗಿರಬೇಕು. ಕಾಫಿ ಕೊಯ್ಲು ಅಂತ ವಾರಗಟ್ಟಲೆ ಊರಿಗೆ ಹೋಗುವ ಸಕಲೇಶಪುರದವರೇ, ಕೇಳಿಸ್ತಾ?

ಇನ್ನೊಂದು. ಪೆಟ್ಟಿಗೆಯಲ್ಲಿ ಒಂದು ಸ್ಕ್ಯಾಪುಲಾ (ಹೆಗಲ ಮೂಳೆ) ಕಾಣ್ತಿಲ್ಲ. ಯಾರ ರೂಮಲ್ಲಿದ್ದರೂ ತನ್ನಿ, ಬೈಯಲ್ಲ.