ಹಿಂದಿನ ಬೆಂಚಿನ ಅಕ್ಕನಿಗೆ

ಊರಿಂದೂರಿಗೆ ಹೋಗುತ್ತಾ ಒಂಬತ್ತು ದಿನಗಳಲ್ಲಿ ಅದು ನಮ್ಮ ನಾಲ್ಕನೆಯ ಪ್ರಾರ್ಥನಾ ಸಭೆ, ಮಕ್ಕಳಿಗೆ ನಾಲ್ಕನೆಯ ಹಾಸಿಗೆ. ನಮ್ಮ ಯಜಮಾನರು ಬೈಬಲಿನ ಮಾರ್ಕನ ಸುವಾರ್ತೆಯ 10ನೇ ಅಧ್ಯಾಯದ ಮೇಲೆ ಪ್ರಸಂಗ ಮಾಡುತ್ತಿದ್ದರು. ಮಕ್ಕಳನ್ನು ಕರೆತಂದವರನ್ನು ಗದರಿಸಿದ ಶಿಷ್ಯರ ಮೇಲೆ ಯೇಸು ಕೋಪಗೊಂಡ ಭಾಗ. ಅದೇ ಹೊತ್ತಿಗೆ ನಾನು ಚೀರುತ್ತಿದ್ದ ಎಂಟು ತಿಂಗಳ ಮಗನನ್ನು ಎತ್ತಿಕೊಂಡು, ನಾಲ್ಕು ವರ್ಷದ ಮಗಳನ್ನು ಎಳೆದುಕೊಂಡು, ನಾಚಿಕೆಯಿಂದ ಬಾಗಿಲ ಕಡೆ ನುಸುಳುತ್ತಿದ್ದೆ. ಪ್ರಸಂಗ ಮುಗಿದ ಕೂಡಲೇ ಹಾಡಬೇಕಾದವಳೂ ನಾನೇ.

ನೀವು ಎದ್ದು ಬಂದು "ಕೊಡಮ್ಮಾ" ಎಂದಿರಿ, ಅಷ್ಟೇ. ಮಗುವಿನ ಬೆನ್ನಿಗೆ ಒತ್ತದಿರಲೆಂದು ಮೊದಲು ಕೈಗಡಿಯಾರ ಬಿಚ್ಚಿ ಚೀಲಕ್ಕೆ ಹಾಕಿಕೊಂಡಿರಿ. ಮಗಳಿಗೆ ಎಲ್ಲರೂ ಹೇಳುವ "ಪಾಸ್ಟರ್ ಮಗಳು, ಸುಮ್ಮನಿರಬೇಕು" ಎಂಬ ಮಾತನ್ನು ನೀವು ಹೇಳಲಿಲ್ಲ. "ನಿನ್ನ ಗೊಂಬೆಗೂ ನಿದ್ದೆ ಬಂದಿದೆಯಾ?" ಎಂದು ಕೇಳಿದಿರಿ.

ತಿಂಗಳುಗಳ ನಂತರ ಮೊದಲ ಸಲ ಹಿಂತಿರುಗಿ ನೋಡದೆ ಹಾಡಿದೆ. ಬಂದು ನೋಡಿದರೆ ಮಗ ನಿಮ್ಮ ಹೆಗಲ ಮೇಲೆ ಮಲಗಿದ್ದ. ಕೂತರೆ ಎಚ್ಚರವಾಗುತ್ತಾನೆಂದು ನೀವು ನಿಂತೇ ಇದ್ದಿರಿ. ವಾಹನ ಹೊರಡುವ ಗಡಿಬಿಡಿಯಲ್ಲಿ ನಿಮ್ಮ ಹೆಸರನ್ನೂ ಕೇಳಲಿಲ್ಲ. ಧನ್ಯವಾದ, ಅಕ್ಕಾ. ಮಗಳು ಈಗ ಗೊಂಬೆಯನ್ನು ಎತ್ತಿಕೊಳ್ಳುವ ಮುನ್ನ ಕೈಯಲ್ಲಿಲ್ಲದ ಗಡಿಯಾರವನ್ನು ಬಿಚ್ಚಿಡುತ್ತಾಳೆ.