ಏರಿನಲ್ಲಿ ಕಾದು ನಿಂತವರಿಗೆ ನಮ್ಮ ನಮಸ್ಕಾರ

ಮಳೆಗಾಲದಲ್ಲಿ ಶಿವಮೊಗ್ಗದಲ್ಲಿ ಶುರುವಾದ ಉಸಿರಾಟದ ತರಗತಿ ಮುಗಿದಿದೆ. ಸಿಒಪಿಡಿ (ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಕಾಯಿಲೆ) ಇದ್ದವರು, ಹಳೇ ಟಿಬಿಯಿಂದ ಶ್ವಾಸಕೋಶ ಕುಗ್ಗಿದವರು, ವರ್ಷಗಟ್ಟಲೆ ದಮ್ಮು ಅನುಭವಿಸಿದವರು ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಮಳೆಯಲ್ಲೇ ಬಸ್ಸು ಹತ್ತಿ ಬಂದರು. ಕಲಿಸಿದ ಫಿಸಿಯೋಥೆರಪಿಸ್ಟ್‌ಗಳು ಮತ್ತು ನರ್ಸ್‌ಗಳು ಸೇರಿ ಈ ಧನ್ಯವಾದ ಬರೆಯುತ್ತಿದ್ದೇವೆ. ಮೊದಲ ಧನ್ಯವಾದ ಅವರ ಮನೆಯವರಿಗೆ. ವ್ಯಾಯಾಮ ಕಲಿಸುವುದಷ್ಟೇ ನಮ್ಮ ಕೈಲಿತ್ತು. "ಬೇಗ ಬಾ ಮಾರಾಯ" ಅನ್ನುವುದನ್ನು ನಿಲ್ಲಿಸಿದ್ದು ನೀವು.

ಸಿಒಪಿಡಿಯಲ್ಲಿ ಗಾಳಿ ಒಳಗೆ ಹೋಗುವುದಕ್ಕಿಂತ ಹೊರಗೆ ಬರುವುದೇ ಕಷ್ಟ. ಉಸಿರು ಬಿಡುವಾಗ ಸಣ್ಣ ಶ್ವಾಸನಾಳಗಳು ಮುಚ್ಚಿಕೊಂಡು ಹಳೇ ಗಾಳಿ ಎದೆಯಲ್ಲೇ ಉಳಿಯುತ್ತದೆ. ಅವಸರ ಮಾಡಿದರೆ ಅದು ಹೊರಬೀಳುವ ಮೊದಲೇ ಮುಂದಿನ ಉಸಿರು ಒಳಗೆ ಬರುತ್ತದೆ. ಎದೆ ತುಂಬಿದೆ, ಆದರೂ ಗಾಳಿ ಸಾಲದು ಅನ್ನಿಸುವುದು ಇದಕ್ಕೇ. ಹಾಗಾಗಿ ಕಲಿಯಬೇಕಾದ್ದು ಬಿಡುವ ಉಸಿರನ್ನು. ಬಾಯಿ ಮುಚ್ಚಿ, ಒಂದು ಎರಡು ಎಣಿಸುತ್ತ ಮೂಗಿನಿಂದ ಎಳೆದುಕೊಳ್ಳಿ. ಬಿಸಿ ಕಾಫಿ ಆರಿಸುವ ಹಾಗೆ ತುಟಿ ಕಿರಿದು ಮಾಡಿ ನಾಲ್ಕು ಎಣಿಸುವವರೆಗೆ ನಿಧಾನ ಬಿಡಿ. ತುಟಿ ಗಾಳಿಗೆ ಒಡ್ಡುವ ಆ ಸಣ್ಣ ತಡೆಯೇ ಒಳಗಿನ ನಾಳಗಳನ್ನು ತೆರೆದಿಡುತ್ತದೆ. ತಪ್ಪುವುದು ಎರಡು ಕಡೆ. ಕೆನ್ನೆ ಉಬ್ಬಿಸಿ ಜೋರಾಗಿ ಊದಿದರೆ ನಾಳಗಳು ಇನ್ನಷ್ಟು ಮುಚ್ಚಿಕೊಳ್ಳುತ್ತವೆ. ಭುಜ ಎತ್ತಿ ಉಸಿರೆಳೆದರೆ ಕುತ್ತಿಗೆಯ ಸ್ನಾಯು ದಣಿಯುತ್ತದೆ.

ಏರು ಹತ್ತುವಾಗ ಒಂದು ಹೆಜ್ಜೆಗೆ ಉಸಿರು ಒಳಗೆ, ಎರಡು ಹೆಜ್ಜೆಗೆ ಹೊರಗೆ, ಆ ಹೊತ್ತಿಗೆ ಮಾತು ಬೇಡ. ದಮ್ಮು ಬಂದರೆ ಸೊಂಟವನ್ನು ಮರಕ್ಕೋ ದರೆಗೋ ಆನಿಸಿ, ಸ್ವಲ್ಪ ಮುಂದಕ್ಕೆ ಬಾಗಿ, ಕೈಯನ್ನು ತೊಡೆಯ ಮೇಲೆ ಊರಿ ನಿಲ್ಲಬೇಕು. ತೋಟದಿಂದ ಮನೆಗೆ ಬರುವ ದಾರಿಯಲ್ಲಿ ಹೀಗೆ ನಿಂತ ಅಜ್ಜನ ಜೊತೆ ತಾವೂ ನಿಂತು, ಮೇಲೆ ತಲುಪುವವರೆಗೆ ಒಂದು ಪ್ರಶ್ನೆಯನ್ನೂ ಕೇಳದ ಮೊಮ್ಮಕ್ಕಳಿಗೆ ವಿಶೇಷ ಧನ್ಯವಾದ. ದೊಡ್ಡವರಿಗಿಂತ ಬೇಗ ಅರ್ಥ ಮಾಡಿಕೊಂಡವರು ಅವರೇ.

ಹೊಟ್ಟೆಯಿಂದ ಉಸಿರಾಡುವ ಅಭ್ಯಾಸವನ್ನು ಎಲ್ಲರಿಗೂ ಯಾಕೆ ಮಾಡಿಸಲಿಲ್ಲ ಎಂದು ಕೆಲವರು ಕೇಳಿದ್ದರು. ಎದೆ ತೀರಾ ಉಬ್ಬಿದವರಲ್ಲಿ ವಪೆ (ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಆಗಲೇ ಚಪ್ಪಟೆಯಾಗಿರುತ್ತದೆ. ಅಂಥವರು ಒತ್ತಾಯದಿಂದ ಮಾಡಿದರೆ ಆಯಾಸ ಹೆಚ್ಚಾಗಬಹುದು. ಯೋಗ ಶಿಬಿರದಲ್ಲಿ ಹೇಳಿದರೆಂದು ಉಸಿರು ಬಿಗಿಹಿಡಿಯುವುದೂ ಇವರಿಗೆ ಬೇಡ.

ಇನ್ನು ಬಚ್ಚಲುಮನೆ. ದಿನದಲ್ಲಿ ಅತಿ ಹೆಚ್ಚು ದಣಿಸುವ ಕೆಲಸ ಯಾವುದೆಂದು ಕೇಳಿದರೆ ಬಹುತೇಕರು ಸ್ನಾನ ಅಂದರು. ಬಗ್ಗುವುದು, ಕೈ ಎತ್ತುವುದು, ಹಬೆ, ಜೊತೆಗೆ ನಮ್ಮ ಕಡೆ ಹಂಡೆ ಒಲೆಯ ಹೊಗೆ, ಎಲ್ಲ ಒಂದೇ ಕಡೆ ಸೇರುತ್ತವೆ. ಪಾದ ಪೂರ್ತಿ ನೆಲಕ್ಕೂರುವ ಎತ್ತರಕ್ಕೆ ಸ್ಟೂಲು ಮಾಡಿಕೊಟ್ಟು, ಕಾಲಿಗೆ ರಬ್ಬರ್ ಬುಶ್ ಹಾಕಿದ ಬಡಗಿಯವರಿಗೆ ವಂದನೆ. ಬೆಳಿಗ್ಗೆ ಬೇಗ ಬೆಂಕಿ ಹಾಕಿ, ಹೊಗೆಯೆಲ್ಲ ಹೋಗಿ ಕೆಂಡ ಮಾತ್ರ ಉಳಿದ ಮೇಲೆ ಅತ್ತೆಯನ್ನು ಸ್ನಾನಕ್ಕೆ ಕರೆದ ಸೊಸೆಯಂದಿರಿಗೆ ಇನ್ನೂ ದೊಡ್ಡ ವಂದನೆ. ನೀರು ಉಗುರು ಬೆಚ್ಚಗಿರಲಿ, ಕಿಟಕಿ ತೆರೆದಿರಲಿ. ಮೈ ತಿಕ್ಕಿ ಒರೆಸಿಕೊಳ್ಳುವ ಬದಲು ದೊಡ್ಡ ಟವೆಲ್ ಹೊದ್ದು ಐದು ನಿಮಿಷ ಕೂತರೆ ನೀರು ತಾನೇ ಆರುತ್ತದೆ. ಬಟ್ಟೆಯನ್ನೂ ಕೂತೇ ಹಾಕಿಕೊಳ್ಳಿ. ಕಾಲುಚೀಲಕ್ಕೆ ಬಗ್ಗಬೇಡಿ, ಒಂದು ಕಾಲನ್ನು ಇನ್ನೊಂದು ಮಂಡಿಯ ಮೇಲಿಡಿ.

ಮನೆಯಲ್ಲಿ ಆಕ್ಸಿಜನ್ ಯಂತ್ರ ಇದ್ದರೆ ಅದನ್ನೂ ಪೈಪನ್ನೂ ಒಲೆ, ದೀಪ, ಬೀಡಿಯಿಂದ ಕನಿಷ್ಠ 3 ಮೀಟರ್ ದೂರ ಇಡಿ. ಆಕ್ಸಿಜನ್ ತಾನು ಉರಿಯುವುದಿಲ್ಲ, ಆದರೆ ಸಣ್ಣ ಕಿಡಿಯನ್ನು ಜ್ವಾಲೆ ಮಾಡುತ್ತದೆ. ದಮ್ಮು ಹೆಚ್ಚಾಯಿತೆಂದು ನೀವೇ ಗುಂಡಿ ತಿರುಗಿಸಿ ಹೆಚ್ಚು ಬಿಡಬೇಡಿ. ಕೆಲವರಲ್ಲಿ ಅದರಿಂದ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿ ಮಂಪರು ಕವಿಯುತ್ತದೆ. ಅಂಥವರಿಗೆ ವೈದ್ಯರು ಸಾಮಾನ್ಯವಾಗಿ ರಕ್ತದ ಆಕ್ಸಿಜನ್ ಮಟ್ಟಕ್ಕೆ ಶೇಕಡಾ 88ರಿಂದ 92ರ ಗುರಿ ಇಡುತ್ತಾರೆ, ಪಕ್ಕದ ಮನೆಯವರ 98 ನೋಡಿ ಹೆದರಬೇಕಿಲ್ಲ. ಚಳಿಗೆ ಬೆರಳು ತಣ್ಣಗಾಗಿದ್ದರೆ ಆಕ್ಸಿಮೀಟರ್ ಸುಳ್ಳು ಹೇಳುತ್ತದೆ, ಮೊದಲು ಕೈ ಬೆಚ್ಚಗೆ ಮಾಡಿಕೊಳ್ಳಿ.

ಅಡುಗೆಮನೆಯಲ್ಲಿ ಆಗಿದ್ದು ಸಣ್ಣ ಬದಲಾವಣೆ, ಪ್ರಯೋಜನ ಮಾತ್ರ ದೊಡ್ಡದು. ಕೈ ಭುಜಕ್ಕಿಂತ ಮೇಲೆ ಹೋದಾಗ ಉಸಿರಿಗೆ ನೆರವಾಗುತ್ತಿದ್ದ ಸ್ನಾಯುಗಳು ಕೈ ಹಿಡಿದಿಡುವ ಕೆಲಸಕ್ಕೆ ಹೋಗುತ್ತವೆ. ಅದಕ್ಕೇ ದಿನಬಳಕೆಯ ಡಬ್ಬಿಗಳು ಅಟ್ಟದಿಂದ ಇಳಿದು ಸೊಂಟ ಮತ್ತು ಭುಜದ ನಡುವಿನ ಎತ್ತರಕ್ಕೆ ಬಂದವು. ಅಕ್ಕಿ ರೊಟ್ಟಿ ತಟ್ಟುವುದು ಕುರ್ಚಿಯಲ್ಲಿ ಕೂತು, ಮೊಣಕೈ ಮೇಜಿಗೆ ಆನಿಸಿ. ತಲೆ ಬಾಚುವುದೂ ಹಾಗೇ. ತುಂಬಿದ ಕೊಡ ಎತ್ತುವ ಬದಲು ಅರ್ಧ ಕೊಡ ಎರಡು ಸಲ, ಎತ್ತುವ ಕ್ಷಣದಲ್ಲಿ ಉಸಿರು ಹೊರಗೆ. ಊಟ ಸ್ವಲ್ಪ ಸ್ವಲ್ಪವೇ ನಾಲ್ಕೈದು ಸಲ, ಯಾಕೆಂದರೆ ಹೊಟ್ಟೆ ಬಿರಿಯ ತಿಂದರೆ ವಪೆಗೆ ಇಳಿಯಲು ಜಾಗವಿರುವುದಿಲ್ಲ. ಕಡುಬು ಮಾಡಿದ ದಿನ ಇದನ್ನು ಪಾಲಿಸುವುದು ಕಷ್ಟ, ನಮಗೂ ಗೊತ್ತು.

ಇನ್‌ಹೇಲರ್ ಕೊಡುವಾಗ "ಒಂದು ಸಲ ತೋರಿಸಿ ನೋಡೋಣ" ಎಂದ ಮೆಡಿಕಲ್ ಶಾಪಿನವರಿಗೂ ಋಣಿ. ಪಫ್ ಇನ್‌ಹೇಲರನ್ನು ನಿಧಾನವಾಗಿ ಆಳಕ್ಕೆಳೆದು ಹತ್ತು ಎಣಿಸುವವರೆಗೆ ಉಸಿರು ಹಿಡಿಯಬೇಕು, ಉಸಿರು ಬಿಗಿಹಿಡಿಯಬೇಡಿ ಎಂದಿದ್ದಕ್ಕೆ ಇನ್‌ಹೇಲರ್ ಬಳಕೆ ಮಾತ್ರ ಅಪವಾದ. ಪುಡಿಯ ಕ್ಯಾಪ್ಸೂಲಿನದನ್ನು ಜೋರಾಗಿ ಎಳೆದು ಹಾಗೇ ಉಸಿರು ಹಿಡಿಯಬೇಕು. ಮಳೆಗಾಲದ ಥಂಡಿಗೆ ಪುಡಿ ಗಂಟು ಕಟ್ಟುತ್ತದೆ, ಬಳಸುವ ಹೊತ್ತಿಗಷ್ಟೇ ಕ್ಯಾಪ್ಸೂಲ್ ಹೊರತೆಗೆಯಿರಿ. ಸ್ಟಿರಾಯ್ಡ್ ಇದ್ದರೆ ಬಾಯಿ ಮುಕ್ಕಳಿಸಿ ಉಗುಳಿ. ಎಲ್ಲರೂ ಕೂರುವವರೆಗೆ ಬಸ್ಸಿಗೆ ಸೀಟಿ ಊದದ ಕಂಡಕ್ಟರುಗಳಿಗೂ ಥ್ಯಾಂಕ್ಸ್.

ಕೊನೆಗೆ, ತರಗತಿಗೆ ಬಂದವರಿಗೆ. ಹೊರಗೆ ಹೋಗಲಾಗದ ಮಳೆಯಲ್ಲಿ ನೀವು ಜಗಲಿಯ ಉದ್ದಕ್ಕೂ ನಡೆದಿರಿ, ಸೊನ್ನೆಯಿಂದ ಹತ್ತರ ಅಳತೆಯಲ್ಲಿ ಏದುಸಿರು ಮೂರು ನಾಲ್ಕಕ್ಕೆ ನಿಲ್ಲುವ ಹಾಗೆ. ಶ್ವಾಸಕೋಶ ಹೊಸದಾಗಿಲ್ಲ, ಊದಿಸಿ ನೋಡುವ ಪರೀಕ್ಷೆಯ ಅಂಕಿ ಹೆಚ್ಚೇನೂ ಬದಲಾಗುವುದಿಲ್ಲ. ಬಲ ಬಂದಿರುವುದು ಕಾಲಿಗೆ. ಪಳಗಿದ ಸ್ನಾಯುಗಳು ಅದೇ ಕೆಲಸವನ್ನು ಕಡಿಮೆ ಉಸಿರಿನಲ್ಲಿ ಮಾಡುತ್ತವೆ. ನಡೆಯುವುದು ನಿಲ್ಲಿಸಿದರೆ ಆ ಬಲ ಕೆಲವೇ ತಿಂಗಳಲ್ಲಿ ಇಳಿಯುತ್ತದೆ.

ಈಗ ಅಡಿಕೆ ಸುಗ್ಗಿ. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಬೆನ್ನು ಬಗ್ಗಿಸಿ ಗಂಟೆಗಟ್ಟಲೆ ಕೂತರೆ ಹೊಟ್ಟೆ ಮೇಲಕ್ಕೊತ್ತುತ್ತದೆ, ಆಗಾಗ ಎದ್ದು ನಿಲ್ಲಿ. ಅಡಿಕೆ ಬೇಯಿಸುವ ಒಲೆಯ ಉಸ್ತುವಾರಿ ಬೇರೆಯವರಿಗೆ ಬಿಡಿ. ಕಫದ ಬಣ್ಣ ಹಳದಿ ಹಸಿರಾದರೆ, ಮಾಮೂಲಿಗಿಂತ ದಮ್ಮು ಹೆಚ್ಚಿದರೆ ಸುಗ್ಗಿ ಮುಗಿಯಲಿ ಎಂದು ಕಾಯದೆ ವೈದ್ಯರನ್ನು ಕಾಣಿ. ತುಟಿ ನೀಲಿಯಾದರೆ, ಮಂಪರಾದರೆ, ಮಾತು ಪೂರ್ತಿ ಆಡಲಾಗದಿದ್ದರೆ 108ಕ್ಕೆ ಕರೆ ಮಾಡಿ.

ಮುಂದಿನ ತಂಡಕ್ಕೆ ಸೇರುವವರು ತಮ್ಮ ಇನ್‌ಹೇಲರ್, ಸ್ಪೇಸರ್ (ಇನ್‌ಹೇಲರಿಗೆ ಜೋಡಿಸುವ ಕೊಳವೆ), ಔಷಧಿ ಚೀಟಿ ತನ್ನಿ. ಜೊತೆಗೆ ಮನೆಯವರೊಬ್ಬರು ಬರಲೇಬೇಕು.