ವಿಮಾನದ ಸುದ್ದಿಯಲ್ಲಿ ಹೋಗುವ ಸಮಯ, ಬರುವ ಸಮಯ ಎರಡನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ದೂರದ ಊರಿಗೆ ಹೊಸ ವಿಮಾನ ಶುರುವಾದಾಗಲೆಲ್ಲ ಪತ್ರಿಕೆಗಳಲ್ಲಿ ಇಷ್ಟು ಕಿಲೋಮೀಟರ್, ಇಷ್ಟು ಗಂಟೆ ಅಂತ ಒಂದು ಸಾಲು ಬರುತ್ತದೆ. ಮಕ್ಕಳನ್ನು ನೋಡಲು ಹೊರಟ ವಯಸ್ಸಾದ ಅಪ್ಪ ಅಮ್ಮಂದಿರು ಆ ಸಾಲನ್ನೇ ನಂಬುತ್ತಾರೆ. ದಯವಿಟ್ಟು ಹೋಗಲು ಎಷ್ಟು, ಬರಲು ಎಷ್ಟು ಅಂತ ಬೇರೆ ಬೇರೆಯಾಗಿ ಬರೆಯಿರಿ.

ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ತೆಗೆದುಕೊಳ್ಳಿ. ಗ್ಲೋಬಿನ ಮೇಲೆ ದಾರ ಹಿಡಿದು ಅಳೆದರೆ ಸುಮಾರು 14,000 ಕಿ.ಮೀ. ಇದನ್ನು ಗಂಟೆಗೆ 900 ಕಿ.ಮೀ. ಲೆಕ್ಕದಲ್ಲಿ ಸುಮ್ನೆ ಭಾಗಿಸಿದರೆ ಹದಿನೈದೂವರೆ ಗಂಟೆ ಬರುತ್ತದೆ. ಆದರೆ 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಅವರ ಜೊತೆಯ ಮಹಿಳಾ ಪೈಲಟ್‌ಗಳು ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಉತ್ತರ ಧ್ರುವದ ಮೇಲೆ ಹಾರಿಸಿಕೊಂಡು ಬೆಂಗಳೂರಿಗೆ ತಂದಾಗ 17 ಗಂಟೆಗೂ ಜಾಸ್ತಿ ಹಿಡಿಯಿತು. 9ರ ರಾತ್ರಿ ಹೊರಟ ವಿಮಾನ ಇಲ್ಲಿ ಇಳಿದದ್ದು 11ರ ಬೆಳಗಿನ ಜಾವ. ಅಲ್ಲಿಗೂ ಇಲ್ಲಿಗೂ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ವ್ಯತ್ಯಾಸ, ಬೇಸಿಗೆಯಲ್ಲಿ ಹನ್ನೆರಡೂವರೆ. ಬರೀ ತಾರೀಖು ನೋಡಿದವರಿಗೆ ಇದು ಹೇಗೆ ಗೊತ್ತಾಗಬೇಕು?

ಇನ್ನು ಗಾಳಿ. ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅನ್ನುವ ಗಾಳಿ ಬೀಸುತ್ತದೆ, ಚಳಿಗಾಲದಲ್ಲಿ ಅದರ ಜೋರು ಇನ್ನೂ ಜಾಸ್ತಿ. ಬೆನ್ನಿಗೆ ಸಿಕ್ಕರೆ ಲಾಭ, ಎದುರಿಗೆ ಸಿಕ್ಕರೆ ನಷ್ಟ. ನ್ಯೂಯಾರ್ಕ್‌ನಿಂದ ಲಂಡನ್‌ಗೆ ಹೋಗುವುದಕ್ಕಿಂತ ಅಲ್ಲಿಂದ ವಾಪಸ್ ಬರಲು ಸುಮಾರು ಒಂದು ಗಂಟೆ ಜಾಸ್ತಿ ಬೇಕು. ದೂರ ಮಾತ್ರ ಎರಡು ಕಡೆಗೂ ಅದೇ, ಸುಮಾರು 5,500 ಕಿ.ಮೀ. 2020ರ ಫೆಬ್ರುವರಿಯಲ್ಲಿ ಬಿರುಗಾಳಿ ಬೆನ್ನಿಗೆ ಸಿಕ್ಕಿ ಒಂದು ವಿಮಾನ 5 ಗಂಟೆಯೊಳಗೇ ಲಂಡನ್ ಮುಟ್ಟಿತ್ತು.

ದಾರಿಯೂ ಯಾವಾಗಲೂ ಒಂದೇ ಇರಲ್ಲ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ನಮ್ಮ ವಿಮಾನಗಳಿಗೆ ಮುಚ್ಚಿತು. ಆಮೇಲೆ ದೆಹಲಿಯಿಂದ ಅಮೆರಿಕಕ್ಕೆ ಹೊರಟ ಕೆಲವು ವಿಮಾನಗಳು ಸುತ್ತು ಹಾಕಿ, ವಿಯೆನ್ನಾದಲ್ಲಿ ಇಳಿದು ಇಂಧನ ತುಂಬಿಸಿಕೊಂಡು ಹೋಗಬೇಕಾಯಿತು. ಊರುಗಳ ನಡುವಿನ ದೂರ ಒಂದು ಕಿಲೋಮೀಟರ್ ಕೂಡ ಬದಲಾಗಿರಲಿಲ್ಲ, ಅಲ್ವಾ?

ನಮ್ಮ ಪರಿಚಯದ ಹಿರಿಯರೊಬ್ಬರು ಸಕ್ಕರೆ ಕಾಯಿಲೆಯವರು. ಏಜೆಂಟ್ ಕೊಟ್ಟ ಚೀಟಿಯಲ್ಲಿ ಹಾರಾಟದ ಗಂಟೆಗಳಷ್ಟೇ ಇದ್ದವು, ನಡುವೆ ವಿಮಾನ ಬದಲಿಸುವಾಗ ಕಾಯುವ ಸಮಯ ಇರಲಿಲ್ಲ. ಅವರು ಎರಡು ಹೊತ್ತಿನ ಮಾತ್ರೆ ಮಾತ್ರ ಕೈಚೀಲದಲ್ಲಿಟ್ಟುಕೊಂಡು ಉಳಿದದ್ದನ್ನೆಲ್ಲ ದೊಡ್ಡ ಸೂಟ್‌ಕೇಸಿಗೆ ಹಾಕಿ ಚೆಕ್‌ಇನ್ ಮಾಡಿಬಿಟ್ಟಿದ್ದರು. ನಡುದಾರಿಯಲ್ಲಿ ಮಾತ್ರೆ ಮುಗಿಯಿತು. ಗೇಟಿನ ಹತ್ತಿರದ ಬೆಂಚಿನಲ್ಲಿ ಕೂತು ಪಕ್ಕದವರ ಬಿಸ್ಕತ್ತು ತಿನ್ನಬೇಕೋ ಬೇಡವೋ ಅಂತ ಮಗಳಿಗೆ ಫೋನ್ ಮಾಡಿ ಕೇಳಿದರಂತೆ. ಭಾಷೆ ಬರದ ಊರಿನಲ್ಲಿ ಆ ವಯಸ್ಸಿನವರಿಗೆ ಇದು ಸಣ್ಣ ಭಯವಲ್ಲ.

ಹಾಗಾಗಿ ಕಿಲೋಮೀಟರ್ ಬೇಕಾದರೆ ಬರೆಯಿರಿ, ಬೇಡವೆನ್ನುವುದಿಲ್ಲ. ಅದರ ಜೊತೆಗೆ ಹೊರಡುವ ಸಮಯ ಹೊರಡುವ ಊರಿನ ಗಡಿಯಾರದಲ್ಲಿ, ಇಳಿಯುವ ಸಮಯ ಇಳಿಯುವ ಊರಿನ ಗಡಿಯಾರದಲ್ಲಿ ತಾರೀಖು ಸಮೇತ ಕೊಡಿ, ನಡುವೆ ಎಲ್ಲಾದರೂ ಇಳಿಯುವುದಿದ್ದರೆ ಎಷ್ಟು ಹೊತ್ತು ಕಾಯಬೇಕು ಅನ್ನುವುದನ್ನೂ ಸೇರಿಸಿ. ನಾಲ್ಕು ಸಾಲು ಜಾಸ್ತಿ ಆಗಬಹುದು, ಅಷ್ಟು ಜಾಗ ದಯವಿಟ್ಟು ಕೊಡಿ.

– ಒಬ್ಬ ಓದುಗ, ತುಮಕೂರು